ಮನೆಯ ಸುತ್ತಲಿನ ಮರಗಳೂ ಕಾಡುಕಿಚ್ಚೂ

ಸಂಕ್ರಾಂತಿ ಕಳೆದ ಮೇಲೆ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಕಾಡಂಚಿನ ಗ್ರಾಮಗಳಲ್ಲಿ ವಾಸಿಸುವವರಿಗೆ ನಿಶ್ಚಿಂತೆಯೆಂಬುದಿಲ್ಲ. ಎಲೆಯುದುರಿದ ಕಾಡು, ಒಣಗಿ ನಿಂತ ಹುಲ್ಲು, ಹಗಲೆಲ್ಲ ಬೀಸುವ ಬಿಸಿಗಾಳಿ, ಈ ಮೂರೂ ಕೂಡಿದ ಕಡೆಯಲ್ಲಿ ಒಂದು ಬೀಡಿಯ ತುಂಡು ಸಹ ಮಹಾ ಅನರ್ಥಕ್ಕೆ ಕಾರಣವಾಗಬಲ್ಲುದು. 2019ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿಯು ಕೆಲವೇ ದಿವಸಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿದ ಪ್ರದೇಶವನ್ನು ಸುಟ್ಟು ಬೂದಿ ಮಾಡಿದ ಸಂಗತಿಯು ಆ ಸೀಮೆಯವರ ನೆನಪಿನಿಂದ ಇನ್ನೂ ಮಾಸಿಲ್ಲ. ಇಂಥ ಬೆಂಕಿ ಕಾಣಿಸಿಕೊಂಡಾಗ ಗ್ರಾಮದ ಮುಖಂಡರ ಮುಂದೆ ಒಂದು ಪ್ರಶ್ನೆ ಸಹಜವಾಗಿಯೇ ಬಂದು ನಿಲ್ಲುತ್ತದೆ. ಮನೆಗಳ ಸುತ್ತ ಇರುವ ಮರಗಳನ್ನು ಕಡಿದುಹಾಕಿದರೆ ಊರು ಉಳಿಯುವುದಲ್ಲವೆ?

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಮರವೆಂದರೆ ನಿಂತ ಸೌದೆ, ಅದು ಮನೆಯ ಬಳಿ ಇದ್ದಷ್ಟೂ ಅಪಾಯ, ಆದುದರಿಂದ ಒಂದನ್ನೂ ಬಿಡದೆ ತೆಗೆಯತಕ್ಕದ್ದು ಎಂಬುದು ಒಂದು. ಹಿರಿಯರು ನೆಟ್ಟ ಮರಕ್ಕೆ ಕೊಡಲಿ ಹಾಕುವುದು ಪಾಪ, ಬೆಂಕಿ ಬಂದರೆ ಬರಲಿ, ಒಂದನ್ನೂ ಮುಟ್ಟಕೂಡದು ಎಂಬುದು ಇನ್ನೊಂದು. ಇವೆರಡೂ ಅರ್ಧ ಸತ್ಯಗಳು. ಬೆಂಕಿಯು ಮನೆಗೆ ಯಾವ ದಾರಿಯಿಂದ ಬರುತ್ತದೆಂಬುದನ್ನು ವಿಚಾರಿಸಿದಲ್ಲಿ, ಮಾಡಬೇಕಾದ ಕೆಲಸದ ಕ್ರಮವೂ ತಾನಾಗಿಯೇ ತಿಳಿಯುತ್ತದೆ. ಆ ಕ್ರಮದಲ್ಲಿ ಕಸಬರಿಗೆಯೂ ಕುಡುಗೋಲೂ ಮೊದಲು; ಕೊಡಲಿ ಕೊನೆಗೆ.

ಮನೆಗೆ ಬೆಂಕಿ ತಗುಲುವ ದಾರಿಗಳು ಮೂರು. ಉರಿಯು ನೇರವಾಗಿ ಬಂದು ಮುಟ್ಟುವುದು ಒಂದು. ಉರಿ ಮುಟ್ಟದಿದ್ದರೂ ಅದರ ಕಾವಿನಿಂದಲೇ ಮರಮುಟ್ಟು ಹೊತ್ತಿಕೊಳ್ಳುವುದು ಎರಡನೆಯದು. ಗಾಳಿಯಲ್ಲಿ ಹಾರಿಬಂದ ಕಿಡಿಕೆಂಡಗಳು ಒಣಗಿದ ವಸ್ತುವಿನ ಮೇಲೆ ಬಿದ್ದು ಹೊಗೆಯಾಡಿ ಹೊತ್ತಿಕೊಳ್ಳುವುದು ಮೂರನೆಯದು. ನೋಡುವವರ ಕಣ್ಣಿಗೆ ಭಯಂಕರವಾಗಿ ಕಾಣುವುದು ಮೊದಲನೆಯದು. ಮನೆಗಳನ್ನು ಹೆಚ್ಚಾಗಿ ಹಾಳುಮಾಡುವುದು ಮೂರನೆಯದು. ದೊಡ್ಡ ಬೆಂಕಿಯ ಕಿಡಿಗಳು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲವು. ಹೀಗಿರುವಲ್ಲಿ ಮನೆಯ ಬಳಿಯ ಹತ್ತು ಮರಗಳನ್ನು ಕಡಿದ ಮಾತ್ರಕ್ಕೆ ಆ ಕಿಡಿಗಳು ಬರುವುದು ನಿಲ್ಲುವುದಿಲ್ಲ. ಅವು ಬಂದು ಬೀಳುವ ಸ್ಥಳದಲ್ಲಿ ಏನಿದೆಯೆಂಬುದೇ ಮುಖ್ಯ. ಬೋಳು ನೆಲದ ಮೇಲೆ ಬಿದ್ದ ಕಿಡಿ ಅಲ್ಲಿಯೇ ಆರಿಹೋಗುತ್ತದೆ. ಸೂರಿನ ಮೂಲೆಯಲ್ಲಿ ಶೇಖರವಾದ ತರಗೆಲೆಯ ಮೇಲೆ ಬಿದ್ದ ಕಿಡಿ ಮನೆಯನ್ನೇ ನುಂಗುತ್ತದೆ.

ಎರಡನೆಯ ದಾರಿಯಾದ ಕಾವಿನ ವಿಷಯವನ್ನು ಪ್ರಯೋಗದಿಂದಲೇ ಪರೀಕ್ಷಿಸಿ ನೋಡಲಾಗಿದೆ. 1990ರ ದಶಕದ ಕೊನೆಯಲ್ಲಿ ಕೆನಡಾ ದೇಶದ ವಾಯವ್ಯ ಪ್ರಾಂತದ ಕಾಡಿನಲ್ಲಿ, ಗುರುತುಮಾಡಿದ ಭಾಗಗಳಿಗೆ ಬೇಕೆಂದೇ ಬೆಂಕಿಯಿಟ್ಟು ಅದರ ನಡತೆಯನ್ನು ಅಳೆದರು. ಆ ಸಂದರ್ಭದಲ್ಲಿ ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿಯಾದ ಜ್ಯಾಕ್ ಕೋಹೆನ್ ಎಂಬುವರು ಕಾಡಿನ ಅಂಚಿನಿಂದ 10, 20 ಮತ್ತು 30 ಮೀಟರುಗಳ ದೂರದಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ ನೋಡಿದರು. ಮರದ ತುದಿಯವರೆಗೂ ಎದ್ದ ಉರಿಯ ಎದುರಿನಲ್ಲಿ 10 ಮೀಟರು ದೂರದ ಗೋಡೆಗಳು ಕೆಲವು ಹೊತ್ತಿಕೊಂಡವು. 20 ಮತ್ತು 30 ಮೀಟರು ದೂರದವು ಹೊತ್ತಿಕೊಳ್ಳಲಿಲ್ಲ. ಇದರಿಂದ ತಿಳಿಯತಕ್ಕ ಅಂಶವೇನೆಂದರೆ, ಮನೆಯ ಅಳಿವು ಉಳಿವುಗಳು ನಿಶ್ಚಯವಾಗುವುದು ದೂರದ ಕಾಡಿನಲ್ಲಲ್ಲ, ಮನೆಯಲ್ಲಿಯೂ ಅದರ ಸುತ್ತಣ ನೂರಡಿಯ ನೆಲದಲ್ಲಿಯೂ. ಆ ನೆಲವಾದರೋ ಬಹುಮಟ್ಟಿಗೆ ಮನೆಯ ಯಜಮಾನರ ಕೈಯಲ್ಲಿಯೇ ಇರುವುದು.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಪ್ಯಾರಡೈಸ್ ಎಂಬ ಊರಿನ ಕಥೆ ಇದಕ್ಕೆ ಸಾಕ್ಷಿ. ದೇವದಾರುವಿನ ಕುಲದ ಎತ್ತರವಾದ ಪೈನ್ ಮರಗಳ ನಡುವೆ ಇದ್ದ ಆ ಊರಿಗೆ 2018ನೆಯ ನವೆಂಬರ್ 8ರ ಬೆಳಿಗ್ಗೆ ಕಾಡುಕಿಚ್ಚು ನುಗ್ಗಿತು. ಆ ಬೆಂಕಿಯಲ್ಲಿ 85 ಮಂದಿ ಸತ್ತರು. ಹದಿನೆಂಟು ಸಾವಿರಕ್ಕಿಂತ ಹೆಚ್ಚು ಕಟ್ಟಡಗಳು ನಾಶವಾದವು. ಬೆಂಕಿ ಆರಿದ ಮೇಲೆ ತೆಗೆದ ಚಿತ್ರಗಳಲ್ಲಿ ಒಂದು ವಿಚಿತ್ರ ಕಂಡುಬಂದಿತು. ಮನೆಯಿದ್ದ ಸ್ಥಳದಲ್ಲಿ ಬೂದಿ; ಅದರ ಪಕ್ಕದಲ್ಲಿಯೇ ಹಸಿರೆಲೆ ಹೊತ್ತು ನಿಂತ ಮರಗಳು. ಅನೇಕ ಕಡೆ ಮರಗಳಿಂದ ಮನೆಗೆ ಬೆಂಕಿ ಹತ್ತಿರಲಿಲ್ಲ. ಕಿಡಿಗಳಿಂದ ಕೆಲವು ಮನೆಗಳು ಹೊತ್ತಿದವು. ಹೊತ್ತಿದ ಮನೆಯಿಂದ ಪಕ್ಕದ ಮನೆ ಹೊತ್ತಿತು. ಅಂಥಲ್ಲಿ ಮರಗಳನ್ನು ಮುಂಚೆಯೇ ಕಡಿದಿದ್ದರೂ ಮನೆಗಳು ಉಳಿಯುತ್ತಿದ್ದುವೆಂದು ಹೇಳುವಂತಿಲ್ಲ.

ಆದರೆ ಇದರಿಂದ ಮರಗಳೆಲ್ಲ ನಿರಪರಾಧಿಗಳೆಂದು ತೀರ್ಮಾನಿಸುವುದೂ ತಪ್ಪು. ಆಸ್ಟ್ರೇಲಿಯಾ ದೇಶದ ವಿಕ್ಟೋರಿಯಾ ಪ್ರಾಂತದಲ್ಲಿ 2009ನೆಯ ಫೆಬ್ರವರಿ 7ರಂದು ಎದ್ದ ಬೆಂಕಿಯಲ್ಲಿ 173 ಮಂದಿ ಮಡಿದರು; ಎರಡು ಸಾವಿರಕ್ಕಿಂತ ಹೆಚ್ಚು ಮನೆಗಳು ಹೋದವು. ಆ ಅನಾಹುತವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ದೂರದ ಕಾಡನ್ನು ಮುಂಚಿತವಾಗಿ ಸುಟ್ಟು ಹಗುರ ಮಾಡುವುದಕ್ಕಿಂತಲೂ ಮನೆಯಿಂದ 40 ಮೀಟರುಗಳ ಒಳಗಿನ ಮರ ಪೊದೆಗಳನ್ನು ಕಡಮೆ ಮಾಡುವುದೇ ಮನೆಗಳನ್ನು ಉಳಿಸುವುದರಲ್ಲಿ ಹೆಚ್ಚು ಫಲಕಾರಿಯೆಂದು ಕಂಡುಬಂದಿತು. ಆ ಬೆಂಕಿಯ ತರುವಾಯ ವಿಕ್ಟೋರಿಯಾದ ಸರಕಾರವು, ಕಾಡುಕಿಚ್ಚಿನ ಭಯವಿರುವ ಪ್ರದೇಶಗಳ ಮನೆಯವರು ತಮ್ಮ ನೆಲದಲ್ಲಿ 10 ಮೀಟರುಗಳ ಒಳಗಿರುವ ಮರಗಳನ್ನೂ, 30 ಮೀಟರುಗಳ ಒಳಗಿರುವ ಮರಗಳ ಹೊರತಾದ ಗಿಡಗಂಟೆಗಳನ್ನೂ ಅನುಮತಿಯಿಲ್ಲದೆ ತೆಗೆಯಬಹುದೆಂದು ನಿಯಮ ಮಾಡಿತು. ಈ ನಿಯಮದಲ್ಲಿಯೂ ಮರ ಕಡಿಯುವ ಮೇರೆ ಚಿಕ್ಕದು, ಗಿಡಗಂಟೆ ತೆಗೆಯುವ ಮೇರೆ ದೊಡ್ಡದು ಎಂಬುದನ್ನು ಗಮನಿಸತಕ್ಕದ್ದು. ನೆರೆಯ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ 2014ರಲ್ಲಿ ಇದೇ ಬಗೆಯ ನಿಯಮ ಬಂದಿತು. ಬೆಂಕಿಯ ನೆಪದಲ್ಲಿ ಕೆಲವರು ಸಮುದ್ರದ ನೋಟಕ್ಕಾಗಿಯೂ ಕಟ್ಟಡದ ಅನುಕೂಲಕ್ಕಾಗಿಯೂ ಮರ ಕಡಿಯುತ್ತಿದ್ದಾರೆಂಬ ದೂರುಗಳು ಬಂದು, ನಿಯಮವು ಅನ್ವಯಿಸುವ ಪ್ರದೇಶವನ್ನು ಕಿರಿದು ಮಾಡಬೇಕಾಯಿತು. ಕೊಡಲಿಗೆ ಒಮ್ಮೆ ರಹದಾರಿ ಕೊಟ್ಟರೆ ಅದು ಎಲ್ಲಿ ನಿಲ್ಲುವುದೆಂದು ಹೇಳುವುದು ಕಷ್ಟ.

ಪರದೇಶದ ನಿಯಮವನ್ನು ಇಲ್ಲಿಗೆ ತರುವ ಮುಂಚೆ ಎರಡು ಕಡೆಯ ಬೆಂಕಿಗಿರುವ ವ್ಯತ್ಯಾಸವನ್ನು ಅರಿಯುವುದು ಅವಶ್ಯಕ. ಆಸ್ಟ್ರೇಲಿಯದ ಕಾಡುಗಳಲ್ಲಿ ಹೆಚ್ಚಾಗಿರುವುದು ನೀಲಗಿರಿಯ ಜಾತಿ. ಅದರ ಎಲೆಯಲ್ಲಿ ಎಣ್ಣೆಯುಂಟು. ಹಲವು ಬಗೆಗಳಲ್ಲಿ ತೊಗಟೆ ಸುಲಿದು ಜೋತುಬಿದ್ದು, ಹೊತ್ತಿಕೊಂಡು ಗಾಳಿಯಲ್ಲಿ ಬಹುದೂರ ಹಾರುತ್ತದೆ. ಅಲ್ಲಿಯ ಬೆಂಕಿ ಮರದ ತುದಿಯಿಂದ ತುದಿಗೆ ನೆಗೆಯಬಲ್ಲುದು. ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿ ಬೆಂಕಿಯು ಬಹುತರವಾಗಿ ನೆಲದ ಮೇಲೆ ಹರಿಯತಕ್ಕದ್ದು. ಅದು ತಿನ್ನುವುದು ಹುಲ್ಲನ್ನು, ತರಗೆಲೆಯನ್ನು, ಲಂಟಾನದ ಪೊದೆಯನ್ನು, ಸತ್ತ ಬಿದಿರನ್ನು. ಮಾವು, ಹಲಸು, ಹೊಂಗೆಗಳಂಥ ದಪ್ಪೆಲೆಯ ಹಸಿರು ಮರವು ಅಂಥ ಬೆಂಕಿಗೆ ಸುಲಭವಾಗಿ ತುತ್ತಾಗುವುದಿಲ್ಲ. ಮೇಲಾಗಿ ಗಾಳಿಯ ವೇಗವನ್ನು ಮುರಿದು, ಹಾರಿಬರುವ ಕಿಡಿಗಳನ್ನು ತಡೆಯುವುದೂ ಉಂಟು. ಹಾಗಾದರೆ ಇಲ್ಲಿಯ ಮನೆಗಳಿಗೆ ಶತ್ರುವು ಮರದ ತಲೆಯಲ್ಲಿಲ್ಲ, ಅದರ ಬುಡದಲ್ಲಿದೆ. ನೀಲಗಿರಿಯ ವಿಷಯ ಮಾತ್ರ ಬೇರೆ. 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನಲಾದ ಈ ಮರವು ಈಗ ಎಷ್ಟೋ ಬದುಗಳಲ್ಲಿಯೂ ತೋಪುಗಳಲ್ಲಿಯೂ ನಿಂತಿದೆ. ಮನೆಯ ಗೋಡೆಗೆ ಒತ್ತಿ ನಿಂತಿರುವ ನೀಲಗಿರಿಯ ಪರವಾಗಿ ಹೇಳತಕ್ಕ ಮಾತು ಏನೂ ಇಲ್ಲ.

ಎಲ್ಲ ಮರಗಳನ್ನೂ ಕಡಿದರೆ ಆಗುವುದೇನೆಂಬುದನ್ನೂ ವಿಚಾರಿಸತಕ್ಕದ್ದು. ನೆರಳು ಹೋದ ನೆಲಕ್ಕೆ ಬಿಸಿಲು ಬೀಳುತ್ತದೆ. ಒಂದೇ ಮಳೆಗಾಲದಲ್ಲಿ ಅಲ್ಲಿ ಆಳೆತ್ತರದ ಹುಲ್ಲು ಏಳುತ್ತದೆ. ಅದರ ಹಿಂದೆಯೇ ಲಂಟಾನವೂ ಬರುತ್ತದೆ. ಮಾಘ ಮಾಸದ ಹೊತ್ತಿಗೆ ಅದೆಲ್ಲವೂ ಒಣಗಿ, ಮರವಿದ್ದಾಗ ಇಲ್ಲದಿದ್ದ ಮೇವು ಬೆಂಕಿಗೆ ಸಿದ್ಧವಾಗುತ್ತದೆ. ಮರ ಕಡಿದು, ಹುಲ್ಲು ಕೊಯ್ಯದೆ ಬಿಟ್ಟ ಮನೆಯು ಮೊದಲಿಗಿಂತಲೂ ಹೆಚ್ಚಿನ ಅಪಾಯದಲ್ಲಿರುತ್ತದೆ. ಇಳಿಜಾರಿನಲ್ಲಿ ಬೇರು ಸತ್ತ ಮೇಲೆ ಮಣ್ಣು ಕೊಚ್ಚಿಹೋಗುವುದು, ಬೇಸಗೆಯಲ್ಲಿ ಮನೆಗೂ ಕೊಟ್ಟಿಗೆಗೂ ತಂಪು ಇಲ್ಲದಂತಾಗುವುದು, ಫಲದ ಆದಾಯ ನಿಲ್ಲುವುದು, ಇವು ಬೇರೆ. ಮೂವತ್ತು ವರ್ಷದ ಹಲಸಿನ ಮರವನ್ನು ಮೂರು ಗಳಿಗೆಯಲ್ಲಿ ಉರುಳಿಸಬಹುದು. ಅದನ್ನು ಮತ್ತೆ ಪಡೆಯಲು ಮೂವತ್ತು ವರ್ಷವೇ ಬೇಕು. ಮಾಡಿದ್ದನ್ನು ತಿದ್ದಿಕೊಳ್ಳಲು ಬಾರದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುವುದೇ ವಿವೇಕ.

ಹಾಗಾದರೆ ಮೊದಲು ಮಾಡತಕ್ಕದ್ದೇನು? ಮನೆಯ ಸುತ್ತಣ ನೆಲವನ್ನು ಮೂರು ಸುತ್ತುಗಳಾಗಿ ಎಣಿಸಿಕೊಂಡರೆ ಕೆಲಸ ಸುಲಭವಾಗುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಸಹ 5 ಅಡಿ, 30 ಅಡಿ, 100 ಅಡಿ ಎಂದು ಇದೇ ರೀತಿ ಭಾಗ ಮಾಡುತ್ತದೆ. ಈ ಲೆಕ್ಕವು ಇಲ್ಲಿಗೂ ಒಪ್ಪುವಂಥದೇ.

ಮೊದಲನೆಯದು ಗೋಡೆಯಿಂದ 5 ಅಡಿಯ ಸುತ್ತು. ಇಲ್ಲಿ ಹತ್ತಿಕೊಳ್ಳುವಂಥ ವಸ್ತು ಒಂದೂ ಇರಕೂಡದು. ಜಗಲಿಯ ಕೆಳಗೆ ಪೇರಿಸಿದ ಸೌದೆ, ಗೋಡೆಗೆ ಒರಗಿಸಿದ ತೆಂಗಿನ ಗರಿ, ಅಡಕೆಯ ಸೋಗೆ ಮತ್ತು ಹಾಳೆ, ಹಳೆಯ ಗೋಣಿಚೀಲ, ಒಣಗಿದ ಬಳ್ಳಿ, ಇವೆಲ್ಲವನ್ನೂ ದೂರ ಸಾಗಿಸತಕ್ಕದ್ದು. ಮಾಡಿನ ವಿಷಯದಲ್ಲಿ ವಿಶೇಷ ಲಕ್ಷ್ಯವಿರಬೇಕು. ಹೆಂಚಿನ ಸಂದುಗಳಲ್ಲಿಯೂ ಎರಡು ಮಾಡುಗಳು ಕೂಡುವ ಓಣಿಯಲ್ಲಿಯೂ ತರಗೆಲೆ ಸೇರಿಕೊಳ್ಳುತ್ತದೆ. ಅದರ ಕೆಳಗಿರುವುದು ಒಣಗಿದ ರೀಪು ತೊಲೆಗಳು. ಬೇಸಗೆಯಲ್ಲಿ ಹದಿನೈದು ದಿವಸಕ್ಕೊಮ್ಮೆ ಮಾಡನ್ನು ಗುಡಿಸಿ, ಒಡೆದ ಹೆಂಚುಗಳನ್ನು ಬದಲಾಯಿಸಿದರೆ, ಕಿಡಿ ಒಳಹೊಗುವ ಬಾಗಿಲನ್ನು ಮುಚ್ಚಿದಂತಾಯಿತು. ಹುಲ್ಲಿನ ಅಥವಾ ಸೋಗೆಯ ಮಾಡಿರುವ ಮನೆಗಾದರೋ ಒಂದು ಕಿಡಿಯೇ ಸಾಕು. ಸುತ್ತಲೂ ಎಷ್ಟು ಮರ ಕಡಿದರೂ ಅಂಥ ಮಾಡಿಗೆ ರಕ್ಷಣೆಯಿಲ್ಲ. ಅನುಕೂಲವಾದ ಕೂಡಲೆ ಅದನ್ನು ಹೆಂಚಿಗೆ ಬದಲಾಯಿಸುವುದೇ ನಿಜವಾದ ಉಪಾಯ.

ಎರಡನೆಯದು 30 ಅಡಿಯ ಸುತ್ತು. ಇಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು, ಲಂಟಾನವನ್ನು ಬೇರುಸಹಿತ ಕಿತ್ತು, ತರಗೆಲೆಯನ್ನು ಗುಡಿಸಿಡತಕ್ಕದ್ದು. ಇಲ್ಲಿರುವ ಮರಗಳ ಕೆಳಗಿನ ಕೊಂಬೆಗಳನ್ನು ಆಳೆತ್ತರದವರೆಗೆ ಸವರಿ, ಬುಡದಲ್ಲಿ ಪೊದೆಯಿಲ್ಲದಂತೆ ಮಾಡಿದರೆ, ನೆಲದ ಬೆಂಕಿಗೆ ಮೇಲೇರುವ ಏಣಿ ಇಲ್ಲದಂತಾಗುತ್ತದೆ. ಮಾಡಿನ ಮೇಲೆ ಚಾಚಿರುವ ಕೊಂಬೆಗಳನ್ನೂ ಒಣಕೊಂಬೆಗಳನ್ನೂ ತೆಗೆಯತಕ್ಕದ್ದು. ಹುಲ್ಲಿನ ಬಣವೆಯೂ ಸೌದೆಯ ಒಟ್ಟಿಲೂ ಈ ಸುತ್ತಿನಿಂದ ಆಚೆಗೆ ಇರುವುದು ಲೇಸು. ದನಗಳಿಗೆ ಹಾಕಲು ಸುಲಭವೆಂದು ಬಣವೆಯನ್ನು ಕೊಟ್ಟಿಗೆಗೆ ಅಂಟಿಸಿ ಒಟ್ಟುವ ಪದ್ಧತಿ ಅನೇಕ ಕಡೆಗಳಲ್ಲುಂಟು. ಬಣವೆ ಹೊತ್ತಿದರೆ ಕೊಟ್ಟಿಗೆ ಹೊತ್ತುವುದು ನಿಶ್ಚಯ. ಹಗ್ಗದಲ್ಲಿ ಕಟ್ಟಿದ ದನಗಳಿಗೆ ಓಡಲು ದಾರಿಯೇ ಇರುವುದಿಲ್ಲ. ದಿನಕ್ಕೆ ನಾಲ್ಕು ಹೆಜ್ಜೆ ಹೆಚ್ಚು ನಡೆಯುವ ಶ್ರಮಕ್ಕಿಂತ ಆ ಮೂಕಪ್ರಾಣಿಗಳ ಜೀವ ದೊಡ್ಡದು. ಬಣವೆಯನ್ನು ದೂರವಿಟ್ಟು, ಅದರ ಸುತ್ತ ಹತ್ತಡಿಯಷ್ಟಾದರೂ ನೆಲವನ್ನು ಕೆತ್ತಿ ಬೋಳಾಗಿಡತಕ್ಕದ್ದು.

ಮೂರನೆಯದು ನೂರು ಅಡಿಯವರೆಗಿನ ಸುತ್ತು. ಇಲ್ಲಿ ನೆಲವನ್ನು ಬೋಳು ಮಾಡಬೇಕಾಗಿಲ್ಲ. ಒಣಗಿ ನಿಂತ ಮರ, ಮುರಿದ ಬಿದಿರುಮೆಳೆ, ಒಂದಕ್ಕೊಂದು ಹೆಣೆದುಕೊಂಡ ಪೊದೆಗಳು, ಇವನ್ನು ತೆಗೆದು ಹಸಿರು ಮರಗಳ ನಡುವೆ ಬಿಡುವಿರುವಂತೆ ಮಾಡಿದರೆ ಸಾಕು. ಮನೆಯು ಇಳಿಜಾರಿನಲ್ಲಿದ್ದರೆ ಕೆಳಗಿನ ದಿಕ್ಕಿನಲ್ಲಿ ಈ ಮೇರೆಯನ್ನು ಹೆಚ್ಚಿಸತಕ್ಕದ್ದು. ಬೆಂಕಿಯು ನೀರಿಗೆ ವಿರುದ್ಧವಾದ ಸ್ವಭಾವವುಳ್ಳದ್ದು; ಏರನ್ನು ಕಂಡರೆ ಓಡುತ್ತದೆ. ನೆಲದ ಏರು ಹತ್ತು ಡಿಗ್ರಿ ಹೆಚ್ಚಿದಷ್ಟಕ್ಕೆ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆಂಬುದು ಬೆಂಕಿಯನ್ನು ಅಭ್ಯಾಸ ಮಾಡಿದವರ ಲೆಕ್ಕ. ಗುಡ್ಡದ ನೆತ್ತಿಯ ಮೇಲೆ ಮನೆ ಕಟ್ಟಿಕೊಂಡ ಮಲೆನಾಡಿನ ರೈತರು ಇದನ್ನು ಮರೆಯಕೂಡದು.

ಹೀಗೆ ಗುಡಿಸಿ ತಂದ ತರಗೆಲೆಯನ್ನು ಅಂಗಳದ ಮೂಲೆಯಲ್ಲಿ ಸುಡುವುದು ಮಾತ್ರ ದೊಡ್ಡ ತಪ್ಪು. ಈ ದೇಶದ ಕಾಡುಬೆಂಕಿಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟತಕ್ಕವು. ಕಸಕ್ಕೆ ಇಟ್ಟ ಬೆಂಕಿ ಗಾಳಿಗೆ ಕೈತಪ್ಪುವುದೂ ಅವುಗಳಲ್ಲೊಂದು. ಮಲೆನಾಡಿನ ಹಿರಿಯರು ದರಗನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಿದ್ದರು. ಅವರು ಅದನ್ನು ಅಡಕೆ ತೋಟಕ್ಕಾಗಿ ಮಾಡಿದರೂ ಮನೆಯ ಸುತ್ತಣ ನೆಲವೂ ಬೇಸಗೆಯ ಹೊತ್ತಿಗೆ ಚೊಕ್ಕಟವಾಗುತ್ತಿತ್ತು. ಆಳಿನ ಅಭಾವದಿಂದಲೂ ಚೀಲದ ಗೊಬ್ಬರದ ಬಳಕೆಯಿಂದಲೂ ಆ ಪದ್ಧತಿ ಹಲವು ಕಡೆ ಸಡಿಲವಾಗಿದೆ. ಅದನ್ನು ಮನೆಯ ಸುತ್ತಲ ಮಟ್ಟಿಗಾದರೂ ಮತ್ತೆ ಕೈಕೊಂಡರೆ ಒಂದೇ ಶ್ರಮಕ್ಕೆ ಎರಡು ಲಾಭ. ಬೆಂಕಿಯ ಬಾಯಿಗೆ ಹೋಗುವುದು ತಿಪ್ಪೆಗೆ ಹೋಗಿ, ತಿಪ್ಪೆಯಿಂದ ಹೊಲಕ್ಕೆ ಬರುತ್ತದೆ.

ಇಷ್ಟು ಕೆಲಸ ಮುಗಿದ ಮೇಲೆ ಕೊಡಲಿಯ ಸರದಿ. ಒಣಗಿ ಸತ್ತ ಮರ, ಪೊಟರೆಬಿದ್ದು ಮನೆಯ ಕಡೆಗೆ ವಾಲಿದ ಮರ, ಗೋಡೆಗೆ ಒತ್ತಿ ನಿಂತ ನೀಲಗಿರಿ ಅಕೇಶಿಯಾಗಳಂಥ ಮರ, ಎಷ್ಟು ಸವರಿದರೂ ಮಾಡನ್ನು ಬಿಡದ ಮರ, ಇವನ್ನು ತೆಗೆಯುವುದಕ್ಕೆ ಹಿಂಜರಿಯಬೇಕಾದುದಿಲ್ಲ. ಆದರೆ ಕಾನೂನನ್ನು ಮೀರಕೂಡದು. 1976ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಭೂಮಿಯ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಇದರಿಂದ ವಿನಾಯಿತಿ ಪಡೆದ ಜಾತಿಗಳು ಕೆಲವುಂಟು. ಯಾವ ಮರಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಸೊಪ್ಪಿನ ಬೆಟ್ಟಗಳಲ್ಲಿ ಸೊಪ್ಪು ದರಗುಗಳನ್ನು ತರುವ ಸವಲತ್ತುಂಟೇ ಹೊರತು ಮರದ ಬುಡಕ್ಕೆ ಕೊಡಲಿ ಹಾಕುವ ಹಕ್ಕಿಲ್ಲ.

ಇನ್ನು ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ವಿಶೇಷವಾಗಿ ಆಲೋಚಿಸತಕ್ಕ ಒಂದು ಮಾತುಂಟು. ಒಬ್ಬರು ತಮ್ಮ ಮನೆಯ ಸುತ್ತ ನೂರಡಿಯನ್ನು ಚೊಕ್ಕಟವಾಗಿಟ್ಟರೂ ಪಕ್ಕದ ಮನೆ ಹೊತ್ತಿದರೆ ಆ ಶ್ರಮ ವ್ಯರ್ಥ. ಪ್ಯಾರಡೈಸಿನಲ್ಲಿ ಆದುದು ಇದೇ. ಮನೆಗಳು ಒತ್ತೊತ್ತಾಗಿರುವ ಊರುಗಳಲ್ಲಿ ಒಬ್ಬೊಬ್ಬರಿಗೆ ನೂರಡಿಯ ನೆಲವೂ ಇರುವುದಿಲ್ಲ. ಊರಂಚಿನಲ್ಲಿ ಕೂಲಿಕಾರರ ಗುಡಿಸಲುಗಳಿರುತ್ತವೆ. ಅವುಗಳಿಗೆ ತಾಗಿದಂತೆ ಯಾರೋ ಶ್ರೀಮಂತರು ಬೀಳು ಬಿಟ್ಟ ಜಮೀನಿರುತ್ತದೆ. ಅದರಲ್ಲಿ ಎದೆಮಟ್ಟ ಹುಲ್ಲೂ ಲಂಟಾನವೂ ಬೆಳೆದಿರುತ್ತವೆ. ಜಮೀನಿನ ಒಡೆಯರು ಪಟ್ಟಣದಲ್ಲಿದ್ದಾರೆ. ಅವರ ಹುಲ್ಲಿಗೆ ಬಿದ್ದ ಬೆಂಕಿಯಿಂದ ಮನೆ ಕಳೆದುಕೊಳ್ಳುವವರು ಗುಡಿಸಲಿನವರು. ಅವರಿಗೆ ಆ ಹುಲ್ಲನ್ನು ಕೊಯ್ಯುವ ಅಧಿಕಾರವಿಲ್ಲ. ಕೊಯ್ಯುವ ಅಧಿಕಾರವಿದ್ದವರಿಗೆ ಅದರ ಭಯವಿಲ್ಲ. ಈ ಅನ್ಯಾಯವನ್ನು ಸರಿಪಡಿಸುವುದು ಊರಿನ ಹಿರಿಯರ ಕೈಯಲ್ಲಿದೆ. ಜನವಸತಿಗೆ ತಾಗಿದ ಬೀಳು ಜಮೀನಿನ ಅಂಚಿನಲ್ಲಿ ಮೂವತ್ತಡಿಯಷ್ಟಾದರೂ ಹುಲ್ಲು ಕೊಯ್ಯುವುದು ಒಡೆಯರ ಕರ್ತವ್ಯವೆಂದು ಗ್ರಾಮ ಸಭೆಯಲ್ಲಿ ನಿರ್ಣಯಿಸಬಹುದು. ಒಡೆಯರು ಊರಿನಲ್ಲಿಲ್ಲದಿದ್ದರೆ, ಹುಲ್ಲನ್ನು ಮೇವಿಗಾಗಿ ಬೇಕಾದವರು ಕೊಯ್ದುಕೊಂಡು ಹೋಗುವಂತೆ ಅವರಿಂದ ಒಪ್ಪಿಗೆ ಪಡೆಯಬಹುದು. ಮುದುಕರು, ವಿಧವೆಯರು, ಗಂಡಾಳಿಲ್ಲದ ಮನೆಯವರು ಮಾಡು ಹತ್ತಿ ಗುಡಿಸಲಾರರು. ಅವರ ಮನೆಗಳನ್ನು ಊರಿನ ಯುವಕರು ಮೊದಲು ನೋಡಿಕೊಳ್ಳಬೇಕು.

ಈ ಕೆಲಸಕ್ಕೆ ಕಾಲವೂ ಮುಖ್ಯ. ಬೆಂಕಿ ಕಂಡ ಮೇಲೆ ಕುಡುಗೋಲು ಹುಡುಕುವುದು ನಿಷ್ಪ್ರಯೋಜಕ. ಮಳೆ ನಿಂತು ಹುಲ್ಲು ಇನ್ನೂ ಪೂರ್ತಿ ಒಣಗುವ ಮುಂಚೆ, ಕೊಯ್ಲಿನ ಅವಸರ ಮುಗಿದ ಕೂಡಲೆ, ಸಂಕ್ರಾಂತಿಯ ಒಳಗಾಗಿ ಒಂದು ಸಾರಿ ಎಲ್ಲವನ್ನೂ ಮುಗಿಸತಕ್ಕದ್ದು. ಎಲೆಯುದುರುವುದು ಆಮೇಲೆಯೂ ನಡೆಯುವುದರಿಂದ ಶಿವರಾತ್ರಿಯ ಹೊತ್ತಿಗೊಮ್ಮೆ, ಯುಗಾದಿಗೊಮ್ಮೆ ಮತ್ತೆ ಗುಡಿಸತಕ್ಕದ್ದು. ಕಾಡಿನ ಅಂಚಿನಲ್ಲಿ ಬೆಂಕಿ ರೇಖೆ ತೆಗೆಯುವುದು ಅರಣ್ಯ ಇಲಾಖೆಯ ಕೆಲಸ. ಗ್ರಾಮಸ್ಥರು ತಾವಾಗಿಯೇ ಕಾಡಿಗೆ ಬೆಂಕಿಯಿಟ್ಟು ರೇಖೆ ಮಾಡಹೋಗುವುದು ಅಪಾಯಕರವಲ್ಲದೆ ಶಿಕ್ಷೆಗೂ ಗುರಿಯಾಗತಕ್ಕ ಅಪರಾಧ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ಮೂಲಕ ಬೆಂಕಿಯನ್ನು ಗುರುತಿಸಿ, ಹೆಸರು ನೋಂದಾಯಿಸಿದವರ ಮೊಬೈಲಿಗೆ ಸೂಚನೆ ಕಳುಹಿಸುವ ಏರ್ಪಾಟು ಮಾಡಿದೆ. ಪ್ರತಿ ಕಾಡಂಚಿನ ಗ್ರಾಮದಲ್ಲಿಯೂ ಒಬ್ಬಿಬ್ಬರಾದರೂ ಅದರ ಪ್ರಯೋಜನ ಪಡೆಯಬಹುದು.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಗಾಳಿ ಬಲವಾಗಿರುವ ದಿನ ಬೆಂಕಿಯು ಊರಿನ ಮೇಲೆ ಬರಬಹುದು. ಆಗ ಮನೆಗಿಂತ ಜೀವ ದೊಡ್ಡದೆಂಬುದನ್ನು ನೆನೆದು, ದನಗಳ ಹಗ್ಗ ಬಿಚ್ಚಿ, ಮಕ್ಕಳು ಮುದುಕರೊಡನೆ ಕೆರೆಯ ಅಂಗಳಕ್ಕೋ ಉತ್ತ ಹೊಲಕ್ಕೋ ಹೊರಟುಬಿಡತಕ್ಕದ್ದು. ಚೊಕ್ಕಟವಾಗಿರಿಸಿದ ಮನೆಯು ಯಾರೂ ಕಾಯದಿದ್ದರೂ ಉಳಿಯುವ ಸಂಭವ ಹೆಚ್ಚು. ಹಿತ್ತಿಲಿನ ಹಲಸನ್ನು ಉಳಿಸಿಕೊಳ್ಳಬೇಕೆಂಬ ಯಜಮಾನರು ಅದರ ಬುಡದ ತರಗೆಲೆಯನ್ನು ಗುಡಿಸುವ ಶ್ರಮಕ್ಕೆ ಬೇಸರಿಸಬಾರದು. ಆ ಶ್ರಮಕ್ಕೆ ಬೇಸರಿಸುವವರು ಮರವನ್ನು ಕಡಿದರೂ ಬೆಂಕಿಯಿಂದ ಪಾರಾಗಲಾರರು.